ಹಲ್ಲಿನ ಡಾಕ್ಟರ ಕೌಂಟರಿನ ಹೂವು

ನನ್ನ ಸೋದರಮಾವನ ಕೈಗುಣದ ವಿಷಯದಲ್ಲಿ ನಮ್ಮ ಮನೆಯಲ್ಲಿ ಎರಡು ಮಾತಿರಲಿಲ್ಲ. ಸೈಕಲ್ ಅಂಗಡಿ ಇಟ್ಟ, ಮುಳುಗಿತು. ಫೋಟೋ ಸ್ಟುಡಿಯೋ ಇಟ್ಟ, ಊರಿನವರೆಲ್ಲ ಅದೇ ಹೊತ್ತಿಗೆ ಸರಿಯಾಗಿ ಫೋನಿನಲ್ಲೇ ಫೋಟೋ ತೆಗೆದುಕೊಳ್ಳುವುದನ್ನು ಕಲಿತರು. ಗಾಜಿನ ತೊಟ್ಟಿಯಲ್ಲಿ ಮೀನು ಸಾಕಿದ, ಅವು ನೀರಿನಲ್ಲಿದ್ದೂ ಸತ್ತವು. ಆಮೇಲೆ ಗಿಣಿ ಸಾಕಿದ. ಅದು ಮಾತ್ರ ಬದುಕಿಕೊಂಡಿತು, ಯಾಕೆಂದರೆ ಬಂದ ವಾರವೇ ಕಿಟಕಿಯಿಂದ ಹಾರಿಹೋಯಿತು. "ಆ ಗಿಣಿಗಿರೋ ಬುದ್ಧಿ ನಮ್ಮನೇಲಿ ಯಾರಿಗೂ ಇಲ್ಲ" ಎಂದು ಅಮ್ಮ ಬಂದವರಿಗೆಲ್ಲ ಹೇಳಿಕೊಂಡು ತಿರುಗಿದಳು. ಅಮ್ಮ ಎಂದರೆ ಮಾವನ ಒಬ್ಬಳೇ ಅಕ್ಕ. ತಮ್ಮನ ಬಗ್ಗೆ ಆಕೆಗೆ ಎಷ್ಟು ಪ್ರೀತಿಯೆಂದರೆ, ಅವನನ್ನು ಬೈಯುವ ಹಕ್ಕನ್ನು ಆಕೆ ಬೇರೆ ಯಾರಿಗೂ ಬಿಟ್ಟುಕೊಟ್ಟವಳಲ್ಲ.

ಕೊನೆಗೆ ಅಮ್ಮನೇ ಯಾರ ಯಾರ ಕೈಕಾಲನ್ನೋ ಹಿಡಿದು ಅವನನ್ನು ಒಬ್ಬ ಹಲ್ಲಿನ ಡಾಕ್ಟರ ಕೌಂಟರಿನಲ್ಲಿ ಕೂರಿಸಿದಳು. ಬಂದವರಿಗೆ ಟೋಕನ್ ಕೊಡುವುದು, ಹೆಸರು ಕೂಗುವುದು, ಅಳುವವರಿಗೆ ಹತ್ತಿ ಕೊಡುವುದು, ಇಷ್ಟೇ ಕೆಲಸ. "ಅಲ್ಲಿ ಇವನ ಕೈಲಿ ಹಾಳಾಗೋಕೆ ಏನೂ ಇಲ್ಲ. ಬರೋ ಹಲ್ಲೆಲ್ಲ ಮೊದಲೇ ಹಾಳಾಗಿರುತ್ತೆ" ಎಂದು ಆಕೆ ನಿಟ್ಟುಸಿರು ಬಿಟ್ಟಳು.

ಎಲ್ಲ ಸರಿಯಾಗಿಯೇ ನಡೆದಿತ್ತು. ಆದರೆ ಮಾವ ಒಂದು ಸಲ ಜ್ವರ ಬಂದು ಮಲಗಿ, ವಾರ ಬಿಟ್ಟು ಕೆಲಸಕ್ಕೆ ಹೋದಾಗ, ಕೌಂಟರಿನ ಮೇಲೆ ಒಂದು ಹೂವಿನ ಕುಂಡ ಬಂದು ಕೂತಿತ್ತು. ಮೊಳದುದ್ದದ ಗಿಡ, ತುಂಬ ಕೆಂಪು ಹೂವು. ಮಾವ ಅದನ್ನು ನೋಡಿದ. ಅದರ ಗತಿಯನ್ನು ನೆನೆದು ಅವನ ಕಣ್ಣು ತುಂಬಿ ಬಂತು. ಬಾಯಿ ಮುಕ್ಕಳಿಸುವ ಲೋಟದಲ್ಲಿ ನೀರು ತಂದು, ಆದಷ್ಟು ದೂರ ನಿಂತು ಬುಡಕ್ಕೆ ಹಾಕಿದ. ಎಲೆಯನ್ನಾಗಲಿ ಹೂವನ್ನಾಗಲಿ ಬೆರಳ ತುದಿಯಿಂದಲೂ ಮುಟ್ಟಲಿಲ್ಲ. ತನ್ನ ಕೈ ಸೋಕಿದರೆ ಅದು ಸಂಜೆಯೊಳಗೆ ಬಾಡುತ್ತದೆ ಎಂಬುದರಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ.

ಅದು ಬಾಡಲಿಲ್ಲ. ಮರುದಿನವೂ ಬಾಡಲಿಲ್ಲ. ಹೇಗೆ ಬಾಡೀತು ಹೇಳಿ, ಅದು ಬಟ್ಟೆಯ ಹೂವು!

ಡಾಕ್ಟರು ಅದನ್ನು ಬಾಡಿಗೆಗೆ ತರಿಸಿದ್ದರು. ಬಟ್ಟೆ ಹೂವು ಮಾಡುವ ಒಂದು ಸಣ್ಣ ಕಾರ್ಖಾನೆಯವರು ಕ್ಲಿನಿಕ್ಕುಗಳಿಗೂ ಹೋಟೆಲುಗಳಿಗೂ ಕುಂಡ ಕೊಡುತ್ತಾರೆ. ಕೆಲವು ತಿಂಗಳಿಗೊಮ್ಮೆ, ಬಾಗಿಲು ಮುಚ್ಚಿರುವ ಭಾನುವಾರ ಬಂದು ಹಳೆಯದನ್ನು ಒಯ್ದು, ಬೇರೆ ಬಣ್ಣದ್ದು ಇಟ್ಟು ಹೋಗುತ್ತಾರೆ. ಹೀಗಾಗಿ ಶನಿವಾರ ಕೆಂಪಾಗಿದ್ದ ಗಿಡ ಸೋಮವಾರ ಹಳದಿಯಾಗಿರುತ್ತಿತ್ತು. ಮಾವ ಮೊದಲ ಬಾರಿ ಅದನ್ನು ಕಂಡಾಗ ಟೋಕನ್ ಡಬ್ಬಿಯನ್ನು ಕೆಳಗೆ ಹಾಕಿ, "ಹೊಸ ಹೂವು ಬಿಟ್ಟಿದೆ! ಹೊಸ ಹೂವು ಬಿಟ್ಟಿದೆ!" ಎಂದು ಕೂಗಿದನಂತೆ. ಒಳಗೆ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದವರು ತಮ್ಮದು ಏನೋ ಎಡವಟ್ಟಾಯಿತೆಂದು ಎದ್ದು ಓಡಿದರಂತೆ.

ಡಾಕ್ಟರು ಆವತ್ತೇ ಹೇಳಿಬಿಡಬೇಕಿತ್ತು. ಆ ಮನುಷ್ಯ ಎಂಥ ದವಡೆ ಹಲ್ಲನ್ನಾದರೂ ಮುಖ ಸಿಂಡರಿಸದೆ ಕಿತ್ತು ಟ್ರೇಗೆ ಹಾಕುತ್ತಾರೆ. ಆದರೆ ಒಂದು ಕಹಿ ಮಾತನ್ನು ಬಾಯಿಂದ ಹೊರಗೆ ತರುವುದು ಅವರ ಕೈಲಾಗದು. ನಾಳೆ ಹೇಳಿದರಾಯಿತು ಎಂದುಕೊಂಡರು. ಅಷ್ಟರಲ್ಲಿ ಮಾವ ಇಡೀ ಬೀದಿಗೆ ಹೇಳಿ ಮುಗಿಸಿದ್ದ.

ನನಗೆ ಗೊತ್ತಾದದ್ದು ನನ್ನ ಹಲ್ಲು ನೋವಿನಿಂದ. ಸರದಿ ಕಾಯುತ್ತಾ ಕೌಂಟರಿಗೆ ಒರಗಿ ನಿಂತವನು ಸುಮ್ಮನೆ ಒಂದು ಎಸಳನ್ನು ಹಿಡಿದೆ. ಅಂಚಿನಲ್ಲಿ ಹೊಲಿಗೆ ಸಿಕ್ಕಿತು. ಇದೇನಪ್ಪಾ ಎಂದು ಬಗ್ಗಿ ನೋಡುವಷ್ಟರಲ್ಲಿ ಮಾವ ಹೌಹಾರಿದ.

"ಮುಟ್ಬೇಡ ಕಣೋ! ನೀನೂ ನಮ್ಮ ಕಡೆಯವನೇ. ನಮ್ಮ ಕೈ ಒಳ್ಳೇದಲ್ಲ."

ನಗು ತಡೆಯಲಾಗದೆ, ಊದಿದ ಕೆನ್ನೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮನೆಗೆ ಓಡಿ ಬಂದು ಅಮ್ಮನಿಗೆ ಹೇಳಿದೆ. ಆಕೆ ಬಟ್ಟೆ ಮಡಚುತ್ತಿದ್ದಳು. ಬಿದ್ದು ಬಿದ್ದು ನಗುತ್ತಾಳೆ ಎಂದುಕೊಂಡರೆ, ಆಕೆ ಮಡಚುವುದನ್ನೇ ನಿಲ್ಲಿಸಿದಳು.

"ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲ. ಮೊದಲು ನಿನಗೇ."

"ಕೊನೆಗೂ ನನಗೇ ಆಗಿರಲಿ. ಹೊರಗೆ ಬಾಯಿ ಬಿಟ್ಯೋ, ಇರೋ ಹಲ್ಲನ್ನೆಲ್ಲ ನಾನೇ ಉದುರಿಸ್ತೀನಿ."

"ಅಲ್ಲಮ್ಮಾ, ಅವನ ಕೈಗುಣ ಅಂತ ದಿನಾ ಅನ್ನೋಳು ನೀನೇ ಅಲ್ವಾ?"

"ನಾನು ಅಕ್ಕ, ನಾನು ಅಂತೀನಿ. ಊರಿನವರು ಯಾರು ಅನ್ನೋಕೆ?" ಎಂದು ಗದರಿ, ಆಮೇಲೆ ದನಿ ತಗ್ಗಿಸಿ ಹೇಳಿದಳು, "ಆ ಹೂವು ಬಂದ ಮೇಲೆ ಅವನು ತಲೆ ಎತ್ತಿ ನಡೀತಿದಾನೆ ಕಣೋ. ಮೊದಲೆಲ್ಲ ನೆಲ ನೋಡ್ಕೊಂಡು ಹೋಗ್ತಿದ್ದ, ನೋಡಿದ್ಯಲ್ಲ. ಜೀವನದಲ್ಲಿ ಮೊದಲನೇ ಸಲ ಏನೋ ಒಂದು ಅವನ ಕೈಲಿ ಉಳಿದಿದೆ ಅಂದ್ಕೊಂಡಿದಾನೆ. ಅದೂ ಹೋದ್ರೆ ಅವನು ಏಳಲ್ಲ."

ಹೀಗೆ ನಾನು, ಅಮ್ಮ, ಡಾಕ್ಟರು ಮೂವರೂ ಬಾಯಿಗೆ ಬೀಗ ಹಾಕಿಕೊಂಡೆವು. ಬಾಯಿ ಮುಚ್ಚಿಕೊಂಡವರಿಂದ ಪ್ರಪಂಚಕ್ಕೆ ಯಾವ ತೊಂದರೆಯೂ ಇಲ್ಲ. ತೊಂದರೆ ಬರುವುದು ಬಾಯಿ ತೆರೆಯುವವರಿಂದ. ಮತ್ತು ಹಲ್ಲಿನ ಕ್ಲಿನಿಕ್ಕಿಗೆ ಬರುವವರೆಲ್ಲ ಬಾಯಿ ತೆರೆಯುವುದಕ್ಕೇ ಬರುತ್ತಾರೆ.

ಹಾಗೆ ಬಂದವರೇ ಮೇಷ್ಟ್ರು. ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪಾಠ ಹೇಳಿ ನಿವೃತ್ತರಾಗಿ, ಈಗ ನಮ್ಮ ಬಡಾವಣೆಯ ಹೂಪ್ರೇಮಿಗಳ ಸಂಘಕ್ಕೆ ಅಧ್ಯಕ್ಷರಾಗಿದ್ದರು. ಕಟ್ಟಿಸಿದ ಹಲ್ಲು ಸಡಿಲವಾಗಿದೆಯೆಂದು ಬಂದವರು, ಕುಂಡದ ಮುಂದೆ ಕನ್ನಡಕ ಏರಿಸಿ ನಿಂತರು.

"ಇದು ಯಾವ ಗಿಡ ಸಾರ್?" ಎಂದು ಮಾವ ಕೈಮುಗಿದು ಕೇಳಿದ.

ಮೇಷ್ಟ್ರಿಗೆ ಗೊತ್ತಿರಲಿಲ್ಲ. ಗೊತ್ತಿರುವುದು ಸಾಧ್ಯವೂ ಇರಲಿಲ್ಲ, ಏಕೆಂದರೆ ಅಂಥ ಗಿಡ ಭೂಮಿಯ ಮೇಲೆಲ್ಲೂ ಇಲ್ಲ. ಆದರೆ ಇಡೀ ಆಯುಷ್ಯದಲ್ಲಿ 'ಗೊತ್ತಿಲ್ಲ' ಎಂಬ ಪದ ಅವರ ಬಾಯಿಂದ ಬಂದದ್ದಿಲ್ಲ. ಅವರು ಕಣ್ಣು ಮುಚ್ಚಿ, ಉದ್ದವಾದ ಒಂದು ಲ್ಯಾಟಿನ್ ಹೆಸರು ಹೇಳಿದರು. ಹೇಳುವ ರಭಸಕ್ಕೆ ಮೇಲಿನ ಹಲ್ಲಿನ ಸೆಟ್ಟು ಕಳಚಿ ಕೌಂಟರಿನ ಮೇಲೆ ಬಿತ್ತು. ಹೆಸರಿನ ಉತ್ತರಾರ್ಧ ಹೀಗಾಗಿ ಯಾರಿಗೂ ತಿಳಿಯಲಿಲ್ಲ.

"ಎತ್ತರದ ಬೆಟ್ಟದಲ್ಲಿ ಮಾತ್ರ ಬೆಳೆಯೋದು. ಬಹಳ ಅಪರೂಪ" ಎಂದರು ಸೆಟ್ಟನ್ನು ಒರೆಸಿ ಹಾಕಿಕೊಳ್ಳುತ್ತಾ. "ನನಗೊಂದು ಕಡ್ಡಿ ಕೊಡಿ. ಮನೇಲಿ ನೆಡ್ತೀನಿ."

ಮಾವ ದಾನಶೂರ. ಕತ್ತರಿ ತಂದ, ಕಡ್ಡಿ ತುಂಡಾಗಲಿಲ್ಲ. ಅದರೊಳಗೆ ತಂತಿಯಿತ್ತಲ್ಲ! ಕೊನೆಗೆ ಒಳಗೆ ಹೋಗಿ ಡಾಕ್ಟರ ಇಕ್ಕಳ ತಂದು, ಗಿಡಕ್ಕೆ ಕೈ ತಗುಲದ ಹಾಗೆ ಕಚಕ್ಕೆಂದು ಕತ್ತರಿಸಿದ. ತುಂಡಾದ ಕಡೆ ತಂತಿ ಫಳಫಳ ಹೊಳೆಯಿತು. ಮಾವನೂ ನೋಡಿದ, ಮೇಷ್ಟ್ರೂ ನೋಡಿದರು.

"ಮಣ್ಣಿನಲ್ಲಿರೋ ಕಬ್ಬಿಣದ ಅಂಶವನ್ನ ಹೀರ್ಕೊಂಡಿದೆ" ಎಂದು ಮೇಷ್ಟ್ರು ತೀರ್ಪು ಕೊಟ್ಟರು. "ಆರೋಗ್ಯವಂತ ಗಿಡ."

ಅಷ್ಟು ಓದಿಕೊಂಡವರು ಹೇಳಿದ ಮೇಲೆ ಮುಗಿಯಿತು. ಬೀದಿಯ ಕೊನೆಯ ಟೈಲರಮ್ಮ ಹಲ್ಲು ಗಟ್ಟಿಯಿದ್ದರೂ ಬಂದು ಒಂದು ಕಡ್ಡಿ ಒಯ್ದರು. ಬ್ಯಾಂಕಿನ ಮ್ಯಾನೇಜರು ಹಲ್ಲು ತೊಳೆಸುವ ನೆಪದಲ್ಲಿ ಬಂದು ಎರಡು ಒಯ್ದರು. ಬೇರೂರುವ ಪ್ರಶ್ನೆಯೇ ಇಲ್ಲವಲ್ಲ, ಒಂದು ವಾರದಲ್ಲಿ ಎಲ್ಲರೂ ಬಂದು ಬೈಯುತ್ತಾರೆ ಎಂದು ನಾನೂ ಡಾಕ್ಟರೂ ನಡುಗುತ್ತಾ ಕಾದೆವು.

ಯಾರೂ ಬೈಯಲಿಲ್ಲ. ಮೇಷ್ಟ್ರು ಬಂದು, "ನನ್ನದು ಚಿಗುರಿದೆ" ಎಂದರು. ಅಧ್ಯಕ್ಷರಾದವರು ನೆಟ್ಟ ಕಡ್ಡಿ ಚಿಗುರಲಿಲ್ಲವೆಂದರೆ ಮರ್ಯಾದೆ ಉಳಿಯುತ್ತದೆಯೇ? ಅವರದು ಚಿಗುರಿದ ಮೇಲೆ ಟೈಲರಮ್ಮನದು ಚಿಗುರದೆ ಇರಲು ಹೇಗೆ ಸಾಧ್ಯ? "ನಮ್ಮನೇದು ಆಗಲೇ ಮೊಗ್ಗು" ಎಂದರು ಆಕೆ. ಮ್ಯಾನೇಜರು, "ನಮ್ಮಲ್ಲಿ ಒಂದು ಅರಳಿಯೂ ಆಯ್ತು. ನೀವು ಬರೋ ಹೊತ್ತಿಗೆ ಉದುರಿರುತ್ತೆ, ಬರೋ ಶ್ರಮ ತಗೋಬೇಡಿ" ಎಂದರು. ಮನೆಯಲ್ಲಿ ಚಿಗುರದ ತಂತಿಯನ್ನು ನೋಡಿಕೊಂಡು ಪ್ರತಿಯೊಬ್ಬರೂ ತಮ್ಮದೊಂದೇ ಕೈ ಕೆಟ್ಟದ್ದೆಂದು ಒಳಗೊಳಗೇ ಕೊರಗುತ್ತಿದ್ದರು. ಬಡಾವಣೆಗೆ ಬಡಾವಣೆಯೇ ನನ್ನ ಮಾವನ ಸ್ಥಿತಿಗೆ ಬಂದಿತ್ತು, ಮಾವನೊಬ್ಬ ಅದರಿಂದ ಪಾರಾಗಿದ್ದ.

ಈ ಕೀರ್ತಿ ಎಲ್ಲಿಗೆ ಮುಟ್ಟಿತೆಂದರೆ, ಸಂಘದವರು ಮಾವನನ್ನು ಭಾಷಣಕ್ಕೆ ಕರೆದರು. ವಿಷಯ, 'ನನ್ನ ಮೆಚ್ಚಿನ ಹೂವು ಮತ್ತು ಮೆಚ್ಚಲು ಕಾರಣಗಳು.' ಕ್ಲಿನಿಕ್ಕಿನ ಗೋಡೆಗೆ ಒಂದು ಪ್ರಕಟಣೆ ಅಂಟಿಸಿದರು. ಮಾವನ ಹೆಸರಿನ ಕೆಳಗೆ 'ಅಪರೂಪದ ಹೂವನ್ನು ಬೆಳೆಸಿದವರು' ಎಂದಿತ್ತು. ಅವನು ಅದನ್ನು ದಿನಕ್ಕೆ ಎಷ್ಟು ಸಲ ಓದುತ್ತಿದ್ದನೋ, ಟೋಕನ್ ಹಿಡಿದು ಕೂತವರು ಅಷ್ಟು ಸಲ ಕಾಯುತ್ತಿದ್ದರು.

ಆ ವಾರದ ಭಾನುವಾರ ಬಟ್ಟೆ ಹೂವಿನ ಕಾರ್ಖಾನೆಯಿಂದ ಒಬ್ಬ ಹೆಂಗಸು ಕುಂಡ ಬದಲಾಯಿಸಲು ಬಂದರು. ಸಾಮಾನ್ಯವಾಗಿ ಕುಂಡ ಹೊರುವ ಕೆಲಸದವರು ಬರುತ್ತಿದ್ದರಂತೆ. ಈ ಕ್ಲಿನಿಕ್ಕಿನಿಂದ ಬರುವ ಕುಂಡ ಯಾವಾಗಲೂ ಬುಡ ಕೊಳೆತು, ಬಣ್ಣ ಇಳಿದು, ಈಚೆಗೆ ಅರ್ಧ ಕೊಂಬೆಗಳೂ ಇಲ್ಲದೆ ಬರುತ್ತಿದ್ದುದರಿಂದ, ಯಾವ ಪುಣ್ಯಾತ್ಮನ ಕೆಲಸ ಇದು ಎಂದು ಸ್ವತಃ ನೋಡಲು ಬಂದಿದ್ದರು. ಆ ಹೂವುಗಳನ್ನು ಒಂದೊಂದಾಗಿ ಕೈಯಲ್ಲಿ ಮಾಡಿದವರು ಆಕೆಯೇ. ಗೋಡೆಯ ಮೇಲಿನ ಪ್ರಕಟಣೆ ಓದಿ ನೇರವಾಗಿ ಡಾಕ್ಟರ ಮನೆಯ ಗಂಟೆ ಒತ್ತಿದರು.

"ಬೆಳೆಸಿದವರಂತೆ! ಯಾರ್ರೀ ಅದು ಬೆಳೆಸಿದವರು?"

ಡಾಕ್ಟರು ನಡೆದದ್ದನ್ನೆಲ್ಲ ಬಾಯಿ ಬಿಟ್ಟು, "ದಯವಿಟ್ಟು ಏನೂ ಹೇಳ್ಬೇಡಿ. ಪಾಪದ ಮನುಷ್ಯ" ಎಂದು ಅಂಗಲಾಚಿದರು.

"ನಾನೂ ಪಾಪದವಳೇ. ನನ್ನ ಬೆರಳು ನೋಡಿ, ಎಸಳಿಗೆ ಬಿಸಿ ಕಬ್ಬಿಣ ಒತ್ತಿ ಒತ್ತಿ ಸುಟ್ಟು, ಬೆರಳಚ್ಚೇ ಉಳಿದಿಲ್ಲ. ಭಾಷಣಕ್ಕೆ ನಾನೂ ಬರ್ತೀನಿ. ಬೆಳೆಸಿದೋರ ಮುಖ ನೋಡ್ಬೇಕು" ಎಂದು ಆಕೆ ಹೊರಟುಹೋದರು.

ಭಾಷಣದ ಸಂಜೆ ಸಭಾಂಗಣ ಗಿಜಿಗುಟ್ಟಿತ್ತು. ಕುಂಡವನ್ನೂ ಕಡ್ಡಿ ಕೇಳುವವರಿಗಾಗಿ ಇಕ್ಕಳವನ್ನೂ ಡಾಕ್ಟರ ಟ್ರೇಯ ಮೇಲಿಟ್ಟು, ಮಾವ ಉಸಿರು ಬಿಗಿಹಿಡಿದು ತಂದು ಮೇಜಿನ ಮೇಲೆ ಸ್ಥಾಪಿಸಿದ. ಈ ಸಲದ್ದು ನೀಲಿ. ಮೈಮೇಲೆ ನನ್ನ ಅಪ್ಪನ ಕೋಟು, ಅದರ ತೋಳಿನೊಳಗೆ ಅವನ ಕೈ ಎಲ್ಲಿದೆಯೋ ತಿಳಿಯುತ್ತಿರಲಿಲ್ಲ. ಮುಂದಿನ ಸಾಲಿನಲ್ಲಿ ಕಾರ್ಖಾನೆಯ ಹೆಂಗಸು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದರು. ಆಕೆಯ ಒಂದು ಪಕ್ಕಕ್ಕೆ ಡಾಕ್ಟರು, ಇನ್ನೊಂದು ಪಕ್ಕಕ್ಕೆ ನಾನು. ಎದ್ದರೆ ಹೇಗಾದರೂ ಕೂರಿಸಬೇಕು ಎಂಬುದು ನಮ್ಮ ಯೋಜನೆ. ಹೇಗೆ ಎಂಬುದು ಯೋಜನೆಯಲ್ಲಿರಲಿಲ್ಲ. ಅಮ್ಮ ಹಿಂದಿನ ಸಾಲಿನಲ್ಲಿ ಸೆರಗಿನ ತುದಿಯನ್ನು ಹಿಂಡುತ್ತಾ ಕೂತಿದ್ದಳು.

ಮಾವ ಗಂಟಲು ಸರಿಮಾಡಿಕೊಂಡ.

"ನನಗೆ ಹೂವಿನ ಬಗ್ಗೆ ಏನೂ ಗೊತ್ತಿಲ್ಲ. ಇದೊಂದೇ ಗೊತ್ತು. ಇದನ್ನ ಯಾಕೆ ಮೆಚ್ತೀನಿ ಅಂದ್ರೆ, ಮೊದಲನೇದಾಗಿ ಇದು ಕಸ ಮಾಡಲ್ಲ. ಗುಡಿಸೋನು ನಾನೇ, ಅದಕ್ಕೇ ಹೇಳ್ತಿದೀನಿ. ವಾಸನೆಯೂ ಇಲ್ಲ. ನಮ್ಮಲ್ಲಿ ಲವಂಗದೆಣ್ಣೆ ವಾಸನೆ ಮೊದಲೇ ತುಂಬಿರುತ್ತೆ, ಅದರ ಜೊತೆ ಜಗಳಕ್ಕೆ ನಿಲ್ಲಬಾರದು ಅನ್ನೋ ತಿಳುವಳಿಕೆ ಇದಕ್ಕಿದೆ. ಜೇನುಹುಳ ಕರೆಯಲ್ಲ. ಬರೋರು ಸೂಜಿಗೇ ಹೆದರಿರ್ತಾರೆ, ಪಾಪ."

"ಅಬ್ಬಾ! ಎಂಥ ಸೂಕ್ಷ್ಮ ಅವಲೋಕನ!" ಎಂದು ಮೇಷ್ಟ್ರು ವೇದಿಕೆಯ ಮೇಲಿಂದ ತಲೆದೂಗಿದರು. ನನ್ನ ಪಕ್ಕದಲ್ಲಿ ಆಕೆ ಹಲ್ಲು ಕಡಿದ ಸದ್ದು ನನಗೆ ಕೇಳಿಸಿತು. ಡಾಕ್ಟರಿಗೂ ಕೇಳಿಸಿರಬೇಕು, ಅಭ್ಯಾಸಬಲದಿಂದ ಆ ಕಡೆ ತಿರುಗಿದರು.

"ಎಲ್ಲ ಹೂವೂ ಸೂರ್ಯನ ಕಡೆ ತಿರುಗುತ್ತೆ ಅಂತಾರೆ" ಎಂದು ಮಾವ ಮುಂದುವರಿಸಿದ. "ಇದು ಬಾಗಿಲ ಕಡೆ ತಿರುಗಿರುತ್ತೆ. ಯಾರು ಎಂಥ ಊದಿದ ಮುಖ ತಗೊಂಡು ಬಂದ್ರೂ ಮುಖ ತಿರುಗಿಸಿದ್ದಿಲ್ಲ. ಒಬ್ಬರು ಪೈಲ್ವಾನರು ಬಂದಿದ್ರು, ಅಷ್ಟು ದೊಡ್ಡ ಆಳು, ಹೆಸರು ಕೂಗೋವರೆಗೂ ಈ ಕುಂಡ ತಬ್ಬಿಕೊಂಡು ಕೂತಿದ್ರು. ಆಮೇಲೆ ಎಸಳು ನೋಡಿ. ಪ್ರತಿ ಹೂವಿನಲ್ಲೂ ಒಂದು ಎಸಳು ಮಾತ್ರ ಸ್ವಲ್ಪ ಒಳಗೆ ಮಡಚಿರುತ್ತೆ. ನೋಯೋ ಹಲ್ಲಿನ ಹತ್ರ ನಾಲಿಗೆ ಹೋಗುತ್ತಲ್ಲ, ಹಾಗೆ. ಒಂದರಲ್ಲಿ ಎಡಕ್ಕೆ, ಒಂದರಲ್ಲಿ ಬಲಕ್ಕೆ. ಎರಡು ಹೂವು ಒಂದೇ ಥರ ಇಲ್ಲ. ಕೆಂಪಲ್ಲಿ, ಹಳದೀಲಿ, ನೀಲೀಲಿ, ಎಲ್ಲದರಲ್ಲೂ ಹುಡುಕಿದೀನಿ. ಇಷ್ಟು ಹೂವಿಗೆ ಇಷ್ಟು ಬೇರೆ ಬೇರೆ ಮಡಿಕೆ ಮಾಡೋಕೆ ಯಾರಿಗಾದ್ರೂ ಬೇಜಾರಾಗಬೇಕಲ್ವಾ? ಬೇಜಾರೇ ಆಗಿಲ್ಲ ನೋಡಿ!"

ನಾನು ಮೆಲ್ಲಗೆ ಪಕ್ಕಕ್ಕೆ ತಿರುಗಿದೆ. ಕಾರ್ಖಾನೆಯ ಹೆಂಗಸು ತಮ್ಮ ಹೆಬ್ಬೆರಳನ್ನೇ ನೋಡಿಕೊಳ್ಳುತ್ತಿದ್ದರು. ಕೋಪವೆಲ್ಲ ಎಲ್ಲಿ ಹೋಯಿತೋ. "ಮಡಿಕೆ ಬೇಡ, ಎಲ್ಲ ಒಂದೇ ಥರ ಇರಲಿ ಅಂತ ಕಾರ್ಖಾನೇಲಿ ಎಲ್ಲರೂ ಬೈತಾರೆ" ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. "ನಾನೇ ಕದ್ದು ಮಾಡ್ತೀನಿ. ಇಷ್ಟು ವರ್ಷದಲ್ಲಿ ಒಬ್ಬರೂ ನೋಡಿರಲಿಲ್ಲ."

"ಕೊನೇ ಕಾರಣ" ಎಂದ ಮಾವ. "ನಾನು ಇಟ್ಟುಕೊಂಡಿದ್ದರಲ್ಲಿ ಸಾಯದೇ ಉಳಿದಿರೋದು ಇದೊಂದೇ. ಅಷ್ಟೇ. ನಮಸ್ಕಾರ."

ಚಪ್ಪಾಳೆ ಬಿತ್ತು. ಡಾಕ್ಟರು ಬೆವರು ಒರೆಸಿಕೊಂಡು ನನ್ನ ಕಡೆ ನೋಡಿ ನಕ್ಕರು. ಗೆದ್ದೆವು ಎಂದುಕೊಂಡೆವು. ಆದರೆ ಮೇಷ್ಟ್ರು ಮೈಕಿನ ಮುಂದೆ ಬಂದರು. ಮೈಕು ಸಿಕ್ಕ ಮೇಷ್ಟ್ರನ್ನು ಸುಮ್ಮನಿರಿಸುವ ಶಕ್ತಿ ಯಾರಿಗಿದೆ?

"ಬಂಧುಗಳೇ! ಈ ಗಿಡ ಒಂದು ಕುಂಡದಲ್ಲಿ ಕೊಳೆಯಬಾರದು. ನಾಳೆಯೇ ಇದನ್ನು ನಮ್ಮ ಪಾರ್ಕಿನ ನಡುವೆ ನೆಡೋಣ. ಮೋಡ ಕಟ್ಟಿದೆ, ಒಳ್ಳೇ ಮಳೆ ಬರುತ್ತೆ. ನಮ್ಮ ನಮ್ಮ ಮನೆಯಲ್ಲಿ ಚಿಗುರಿರೋ ಗಿಡಗಳನ್ನೂ ತಂದು..."

"ಮಳೇಲಿ ಇಡ್ಬೇಡ್ರೀ!"

ನನ್ನ ಪಕ್ಕದ ಕುರ್ಚಿ ಖಾಲಿಯಾಗಿತ್ತು. ಆಕೆ ಎದ್ದು ನಿಂತಿದ್ದರು. ನಾನೂ ಡಾಕ್ಟರೂ ಏಕಕಾಲಕ್ಕೆ ಕೈ ಚಾಚಿ ಒಬ್ಬರನ್ನೊಬ್ಬರು ಹಿಡಿದುಕೊಂಡೆವು.

"ಯಾಕಮ್ಮಾ? ಗಿಡಕ್ಕೆ ಮಳೆ ಒಳ್ಳೇದಲ್ವಾ?" ಎಂದರು ಮೇಷ್ಟ್ರು.

"ಬಣ್ಣ ಬಿಡುತ್ತೆ. ಅದು ಬಟ್ಟೆ. ನಾನೇ ಮಾಡಿದ್ದು" ಎಂದವರು, ತಕ್ಷಣ ಬಾಯಿ ಮುಚ್ಚಿಕೊಂಡು ಮಾವನ ಕಡೆ ತಿರುಗಿ, "ಅಯ್ಯೋ, ಹೇಳಬಾರದು ಅಂದ್ಕೊಂಡಿದ್ದೆ. ತಡೆಯೋಕಾಗಲಿಲ್ಲ" ಎಂದರು.

ಮಾವ ಕೋಟಿನ ತೋಳಿನೊಳಗಿಂದ ಕೈ ಹುಡುಕಿ ಹೊರಗೆ ತಂದ. ಆ ಹೂವನ್ನು ಮೊದಲ ಬಾರಿ ಮುಟ್ಟಿದ. ಎಸಳನ್ನು ಎರಡು ಬೆರಳ ನಡುವೆ ಉಜ್ಜಿದ.

"ಬಟ್ಟೇನೇ" ಎಂದ. ಆಮೇಲೆ ಅವನಿಗೆ ಏನೋ ಹೊಳೆದು, ನಿಜವಾದ ಕಳವಳದಿಂದ ಮೇಷ್ಟ್ರ ಕಡೆ ತಿರುಗಿದ. "ಹಾಗಾದ್ರೆ ನಿಮ್ಮನೇಲಿ ಚಿಗುರಿದ್ದೇನು ಸಾರ್?"

ಮೇಷ್ಟ್ರು ಬಾಯಿ ತೆರೆದರು. ಸೆಟ್ಟು ಭದ್ರವಾಗಿಯೇ ಇತ್ತು, ಮಾತೇ ಇರಲಿಲ್ಲ.

"ಟೈಲರಮ್ಮಾ, ನಿಮ್ಮದು ಮೊಗ್ಗು ಬಿಟ್ಟಿತ್ತಲ್ವಾ? ಮ್ಯಾನೇಜರ್ ಸಾರ್, ನಿಮ್ಮಲ್ಲಿ ಅರಳಿ ಉದುರಿದ್ದು?"

ಟೈಲರಮ್ಮ ಚಪ್ಪಲಿ ಹುಡುಕತೊಡಗಿದರು. ಮ್ಯಾನೇಜರಿಗೆ ಫೋನು ಬಂತು, ಅದು ಗಂಟೆ ಬಾರಿಸದೆಯೇ ಬಂದ ಫೋನು. "ನನ್ನದು ಬೇರೆ ಜಾತಿ ಇರಬಹುದು" ಎಂದು ಮೇಷ್ಟ್ರು ಗೊಣಗಿದ್ದು ಮೈಕಿನಲ್ಲಿ ಹೊರಟು ಮೂಲೆ ಮೂಲೆಗೂ ತಲುಪಿತು. ಎಲ್ಲಿಂದಲೋ ಒಂದು ನಗು ಚಿಮ್ಮಿತು, ಆಮೇಲೆ ಇಡೀ ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ತಂತಿ ನೆಟ್ಟು ಕೊರಗಿದವರೇ ಎಲ್ಲರಿಗಿಂತ ಜೋರಾಗಿ ನಕ್ಕರು. ತಮ್ಮ ಕೈ ಕೆಟ್ಟದ್ದಲ್ಲ ಎಂದು ಅವರಿಗೆ ಈಗ ತಾನೇ ಗೊತ್ತಾಗಿತ್ತು.

ಮಾವ ಮಾತ್ರ ನಗಲಿಲ್ಲ. ಅವನು ಸಾಲು ಸಾಲು ಮುಖಗಳನ್ನು ದಾಟಿ ಹಿಂದೆ ಕೂತಿದ್ದ ಅಮ್ಮನನ್ನು ಹುಡುಕಿದ. ನಗು ಒಂದು ಕ್ಷಣ ತಗ್ಗಿದಾಗ ಅವನ ದನಿ ಕೇಳಿಸಿತು.

"ಅಕ್ಕಾ, ಇದೂ ಇಲ್ಲ ಕಣೇ."

ಅಮ್ಮ ಎದ್ದಳು. ಮಂಡಿನೋವೆಂದು ಮನೆಯಲ್ಲಿ ಒಂದು ಮೆಟ್ಟಿಲೂ ಹತ್ತದವಳು, ಜನರ ಕಾಲು ತುಳಿಯುತ್ತಾ, ಕುರ್ಚಿಗಳನ್ನು ಸರಿಸುತ್ತಾ, ವೇದಿಕೆಯ ಮೇಲೆ ಹೋಗಿ ಅವನ ಮುಂದೆ ನಿಂತಳು. ಈಗ ಎಲ್ಲರ ಎದುರಿಗೆ ಅವನ ಕೈಗುಣದ ಪುರಾಣ ಬಿಚ್ಚುತ್ತಾಳೋ ಏನೋ ಎಂದು ನಾನು ಕಣ್ಣು ಮುಚ್ಚಿಕೊಂಡೆ.

"ನನಗೊಂದು ಕಡ್ಡಿ ಕೊಡೋ" ಎಂದಳು ಅಮ್ಮ.

"ಅಕ್ಕಾ, ಅದು ಬಟ್ಟೆ ಹೂವು. ಕೇಳಿಸಲಿಲ್ವಾ?"

"ಕೇಳಿಸ್ತು. ನನ್ನ ಕಿವಿ ಚೆನ್ನಾಗಿದೆ. ಊರಿಗೆಲ್ಲ ಕೊಟ್ಟಿದೀಯ, ನನಗೊಂದು ಕೊಡೋಕೆ ಏನು ಧಾಡಿ? ಅಡುಗೆಮನೆ ಕಿಟಕೀಲಿ ಇಟ್ಕೋತೀನಿ. ನನ್ನ ತಮ್ಮ ಕೊಟ್ಟಿದ್ದು ಅಂತ."

ಮಾವ ಕಣ್ಣು ಒರೆಸಿಕೊಂಡು, ಟ್ರೇಯ ಮೇಲಿದ್ದ ಇಕ್ಕಳಕ್ಕೆ ಕೈ ಹಾಕಿದ.

"ಇನ್ನೊಂದು ಕಡ್ಡಿ ಕತ್ತರಿಸಿದ್ರೆ ನೋಡಿ ಮತ್ತೆ!" ಎಂದು ಕಾರ್ಖಾನೆಯ ಹೆಂಗಸು ವೇದಿಕೆಯ ಕೆಳಗಿನಿಂದಲೇ ಕೂಗಿದರು. ಕಚಕ್ಕೆಂದು ಸದ್ದು ಕೇಳಿ ತಲೆ ಚಚ್ಚಿಕೊಂಡರು. "ಆಯ್ತು, ಕೊಡಿ. ಆದ್ರೆ ನಿಮ್ಮ ಅಕ್ಕನಿಗೆ ಹೇಳಿ, ನೀರು ಹಾಕಬಾರದು."